ತಪ್ಪು ಟೈಪ್ ಮಾಡಿದವರದ್ದೋ, ಪ್ರೋಗ್ರಾಮಿನದ್ದೋ?

ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಸದಸ್ಯರ ಬ್ಯಾಂಕ್ ವಿವರ ತುಂಬುವ ಹಳೆಯ ಫಾರಂ ಒಂದು ನನ್ನ ಕೈಗೆ ಬಂತು. ಅದರಲ್ಲಿ ಏನೇ ಎಡವಟ್ಟಾದರೂ ಬರುತ್ತಿದ್ದದ್ದು ಒಂದೇ ಮಾತು: ‘ತಪ್ಪು ಮಾಹಿತಿ. ಮತ್ತೆ ಪ್ರಯತ್ನಿಸಿ.’ ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡಿನಲ್ಲಿ ಒಂದಕ್ಷರ ಬಿಟ್ಟರೂ ಅದೇ, ಸರ್ವರಿನ ಡಿಸ್ಕ್ ತುಂಬಿಹೋದರೂ ಅದೇ. ಡಿಸ್ಕ್ ತುಂಬಿದ ದಿನ ಕೌಂಟರಿನ ಮೇಡಂ ಪಾಸ್‌ಬುಕ್ ನೋಡಿಕೊಂಡು ಸರಿಯಾಗಿಯೇ ಇದ್ದ ನಂಬರನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದರು. ಎದುರಿಗಿದ್ದ ರೈತರು ತಮ್ಮ ಪಾಸ್‌ಬುಕ್ಕೇ ಸರಿ ಇಲ್ಲ ಅಂದುಕೊಂಡು ವಾಪಸ್ ಹೋದರು. ನನಗೆ ತುಂಬಾ ಬೇಜಾರಾಗಿದ್ದು ಅದಕ್ಕೇ.

ಕೋಡ್ ತೆರೆದರೆ ಇಡೀ ಫಂಕ್ಷನ್ ಒಂದೇ ಟ್ರೈ-ಎಕ್ಸೆಪ್ಟ್ ಒಳಗಿತ್ತು; ಅಂದರೆ ಯಾವ ಎಡವಟ್ಟಾದರೂ ಹಿಡಿದು ಒಂದೇ ಉತ್ತರ ಕೊಡುವ ಬಲೆಯೊಳಗೆ. ಮೊದಲು ಅದನ್ನು ಕಿತ್ತೆ. ಆಮೇಲೆ ಪ್ರತಿ ಎಡವಟ್ಟಿಗೂ ಒಂದೇ ಪ್ರಶ್ನೆ ಕೇಳಿಕೊಂಡೆ: ಸ್ಕ್ರೀನ್ ಮುಂದೆ ಕೂತವರು ಇದನ್ನು ಸರಿ ಮಾಡಬಲ್ಲರಾ?

ಮಾಡಬಲ್ಲರು ಅಂದರೆ ಎಲ್ಲಿ, ಏನು ಅಂತ ಬಿಡಿಸಿ ಹೇಳಬೇಕು. ಐಎಫ್‌ಎಸ್‌ಸಿ ಕೋಡಿಗೆ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಜಾಸ್ತಿ ಜನ ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಹೊಡೆಯುತ್ತಾರೆ. ಅಲ್ಲಿ ಬೇರೇನೂ ಬರಲು ಸಾಧ್ಯವಿಲ್ಲ, ಅಲ್ವಾ? ಹಾಗಾಗಿ ಪ್ರೋಗ್ರಾಮೇ ಅದನ್ನು ಸೊನ್ನೆ ಮಾಡಿ, ಬದಲಾಯಿಸಿದ್ದನ್ನು ತೋರಿಸುತ್ತದೆ. ನಡುವೆ ಬಂದ ಸ್ಪೇಸನ್ನು ಸುಮ್ನೆ ತೆಗೆದುಹಾಕುತ್ತದೆ. ಪಿನ್‌ಕೋಡನ್ನು ಕನ್ನಡ ಅಂಕಿಯಲ್ಲಿ ‘೫೬೦೦೦೧’ ಅಂತ ಬರೆದರೂ ಒಪ್ಪಿಕೊಳ್ಳುತ್ತದೆ; ಪ್ರೋಗ್ರಾಮ್ ಬರೆದಿರುವ ಪೈಥಾನ್ ಭಾಷೆಗೆ ಕನ್ನಡ ಅಂಕಿ ಓದಲು ಬರುತ್ತದೆ. ಅದನ್ನು ತಪ್ಪು ಅನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅಕ್ಷರವೇ ಕಮ್ಮಿಯಿದ್ದರೆ ಮಾತ್ರ ಊಹೆ ಮಾಡುವುದಿಲ್ಲ. ‘10 ಅಕ್ಷರ ಇದೆ, 11 ಬೇಕು’ ಅಂತ ಆ ಜಾಗದ ಕೆಳಗೇ ಹೇಳುತ್ತದೆ. ತುಂಬಿದ್ದು ಯಾವುದೂ ಅಳಿಸಿಹೋಗುವುದಿಲ್ಲ.

ಪ್ರೋಗ್ರಾಮಿನ ತಪ್ಪಿಗೆ ದಾರಿಯೇ ಬೇರೆ. ಅಲ್ಲಿ ಮುಂದುವರಿಯಬಾರದು. ಅರ್ಧ ಬರೆದ ಲೆಕ್ಕವನ್ನು ಪೂರ್ತಿ ಹಿಂದಕ್ಕೆ ತೆಗೆದು, ಏನಾಯಿತು ಅಂತ ಪ್ರೋಗ್ರಾಮಿನ ದಾಖಲೆ ಕಡತವಾದ ಲಾಗ್‌ನಲ್ಲಿ ಬರೆದು, ನನ್ನ ಫೋನಿಗೆ ಸಂದೇಶ ಕಳಿಸಬೇಕು. ಮೇಡಂಗೆ ಕಾಣುವುದು ಇಷ್ಟೇ: ‘ನೀವು ತುಂಬಿದ್ದರಲ್ಲಿ ತಪ್ಪಿಲ್ಲ. ತೊಂದರೆ ನಮ್ಮ ಕಡೆಯದು. ದೂರಿನ ನಂಬರ್ ಇದು.’ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿಯಲ್ಲೂ ಈ ಭೇದ ಇದೆ. ಕೇಳಿದ್ದರಲ್ಲೇ ತಪ್ಪಿದ್ದರೆ 400ರ ಸಾಲಿನ ಕೋಡ್, ಸರ್ವರ್ ಎಡವಿದರೆ 500ರ ಸಾಲು. ಎಲ್ಲದಕ್ಕೂ 200, ಅಂದರೆ ‘ಎಲ್ಲ ಸರಿಯಾಗಿದೆ’ ಅನ್ನುವ ಕೋಡ್ ಕಳಿಸಿ ಒಳಗೆ ‘ಎರರ್’ ಅಂತ ಬರೆಯುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ರಾತ್ರಿ ಲಾಗ್ ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಒಂದೇ ತಪ್ಪು ಎಲ್ಲಿ ಸಿಕ್ಕಿತು ಅನ್ನುವುದೂ ಮುಖ್ಯ. ಸಾಲದ ಮೊತ್ತಕ್ಕೆ ಮೈನಸ್ ಹಾಕಿದ್ದು ಫಾರಂನಲ್ಲೇ ಸಿಕ್ಕರೆ ಅದು ಟೈಪ್ ಮಾಡಿದವರ ಕೈತಪ್ಪು. ಅದೇ ಮೈನಸ್ ಬಡ್ಡಿ ಲೆಕ್ಕ ಹಾಕುವ ಫಂಕ್ಷನ್‌ವರೆಗೂ ಬಂದಿದ್ದರೆ, ತಡೆಯಬೇಕಾದ ಕೋಡ್ ತಡೆದಿಲ್ಲ ಅಂತ. ಅಲ್ಲಿ ಅದು ಬಗ್.

ಹಣ ಕಳಿಸುವಾಗ ಬ್ಯಾಂಕಿನ ಸರ್ವರ್ ಉತ್ತರ ಕೊಡದಿರುವುದು ಈ ಎರಡಕ್ಕೂ ಸೇರುವುದಿಲ್ಲ. ಹಣ ಹೋಗಿದೆಯೋ ಇಲ್ಲವೋ ನಮಗೂ ಗೊತ್ತಿರುವುದಿಲ್ಲ. ಅಲ್ಲಿ ‘ವಿಫಲವಾಯಿತು’ ಅಂದರೆ ಮತ್ತೊಮ್ಮೆ ಕಳಿಸಿಬಿಡುತ್ತಾರೆ. ಅದಕ್ಕೆ ‘ಉತ್ತರ ಬಂದಿಲ್ಲ, ವಿಚಾರಿಸುತ್ತಿದ್ದೇವೆ, ಮತ್ತೆ ಕಳಿಸಬೇಡಿ’ ಅಂತ ತೋರಿಸಿ, ಉತ್ತರ ಬರುವವರೆಗೆ ಆ ಬಟನ್ ಮುಚ್ಚಿಡುತ್ತೇನೆ.