ಡಿಸೆಂಬರ್ ಚಳಿಯಲ್ಲೂ ಗೌಲ್ಡಿಯನ್ ಮರಿ, ಬೆಂಗಾಲೀಸ್ ಇಲ್ಲದೆ

ಆಸ್ಟ್ರೇಲಿಯಾ ಮೂಲದ ಬಣ್ಣಬಣ್ಣದ ಪುಟ್ಟ ಹಕ್ಕಿ ಗೌಲ್ಡಿಯನ್ ಫಿಂಚ್ ತನ್ನ ಮರಿ ತಾನು ಸಾಕಲ್ಲ, ಮೊಟ್ಟೆ ತೆಗೆದು, ಬೇರೆಯವರ ಮರಿಯನ್ನೂ ಸಾಕುವ ಬೆಂಗಾಲೀಸ್ ಫಿಂಚ್ ಕೆಳಗೆ ಇಡಲೇಬೇಕು ಅನ್ನುವುದು ಬೆಂಗಳೂರಿನ ಸಾಕಣೆದಾರರ ಬಾಯಲ್ಲಿ ವೇದವಾಕ್ಯ. ಅದೂ ತಾರಸಿ ಏವಿಯರಿಯಲ್ಲಿ (ಜಾಲರಿಯ ಹಕ್ಕಿಮನೆ), ಡಿಸೆಂಬರ್‌ನಲ್ಲಿ ಅಂದರೆ ನಕ್ಕುಬಿಡುತ್ತಾರೆ. ನಕ್ಕವರಲ್ಲೇ ಇಬ್ಬರು ಈಗ ನನ್ನ ಗೂಡುಪೆಟ್ಟಿಗೆಯ ಅಳತೆ ಕೇಳುತ್ತಿದ್ದಾರೆ.

ಮೊಟ್ಟೆ ಒಡೆದು ಎಂಟು–ಹತ್ತು ದಿನಕ್ಕೆ ತಂದೆತಾಯಿ ರಾತ್ರಿ ಕಾವು ಕೂರುವುದನ್ನು ನಿಲ್ಲಿಸುತ್ತವೆ. ಆ ಹೊತ್ತಿಗೆ ಮರಿಯ ಪುಕ್ಕ ಇನ್ನೂ ಬಿಚ್ಚಿರುವುದಿಲ್ಲ. ಉತ್ತರ ಆಸ್ಟ್ರೇಲಿಯಾದ ಸೆಕೆಯಲ್ಲಿ, ಮರದ ಪೊಟರೆಯೊಳಗೆ, ಅದು ನಡೆಯುತ್ತದೆ. ಇಲ್ಲಿ ಬೆಳಗಿನ ಜಾವ 14–15 ಡಿಗ್ರಿಗೆ ಇಳಿದರೆ ಮರಿ ಸೆಟೆದುಕೊಳ್ಳುತ್ತದೆ. ಸತ್ತ ಮರಿಯ ಕತ್ತಿನ ಪಕ್ಕ ನೋಡಿ: ಮೇವಿನ ಚೀಲದಲ್ಲಿ ಕಾಳು ಕಾಣುತ್ತಿದ್ದರೆ ಕೊಂದದ್ದು ಬಹುತೇಕ ಚಳಿ, ಖಾಲಿಯಿದ್ದರೆ ಉಣಿಸಿಲ್ಲ. ನಾನು ನೋಡಿದವುಗಳಲ್ಲಿ ಮುಕ್ಕಾಲು ಪಾಲು ತುಂಬಿದ ಚೀಲದವೇ.

ಮೊದಲು ಏವಿಯರಿಗೇ 100 ವಾಟ್‌ನ ಸೆರಾಮಿಕ್ ಹೀಟರ್ ತೂಗುಹಾಕಿ ನೋಡಿದೆ. ಕರೆಂಟ್ ಬಿಲ್ ತಿಂಗಳಿಗೆ ಆರೇಳು ನೂರು ಏರಿತು, ಬಿಸಿ ಎಲ್ಲ ಜಾಲರಿಯಿಂದ ಆಚೆ ಹೋಯಿತು. ಬೆಚ್ಚಗಾಗಬೇಕಾದದ್ದು ಪೆಟ್ಟಿಗೆಯ ತಳ ಮಾತ್ರ.

ಪೆಟ್ಟಿಗೆ 6 ಇಂಚು ಚೌಕ, ಎತ್ತರ 10, ಪ್ಲೈವುಡ್ 12 ಮಿ.ಮೀ. ಕೆಳಗಿನ 3 ಇಂಚು ಬೇರೆ ಕೋಣೆ. ಅದರಲ್ಲಿ ಪಿಂಗಾಣಿ ಹೋಲ್ಡರ್, 15 ವಾಟ್‌ನ ಹಳೇ ಜೀರೋ ಬಲ್ಬ್ (ಎಲ್‌ಇಡಿ ಹಾಕಿದರೆ ಬಿಸಿ ಬರಲ್ಲ), ಮೇಲೆ ಅಲ್ಯೂಮಿನಿಯಂ ತಗಡು, ಪಕ್ಕದಲ್ಲಿ ಗಾಳಿಗೆ ನಾಲ್ಕು ತೂತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಡಬ್ಲ್ಯು1209 ಥರ್ಮೋಸ್ಟಾಟ್ (ಬಿಸಿ ನೋಡಿ ತಾನೇ ಆನ್–ಆಫ್ ಮಾಡುವ ಸ್ವಿಚ್), 12 ವೋಲ್ಟ್ ಅಡಾಪ್ಟರ್, ಬಲ್ಬ್ ಎಲ್ಲ ಸೇರಿ ಪೆಟ್ಟಿಗೆಗೆ ಸುಮಾರು 450 ರೂಪಾಯಿ. ಸೆನ್ಸರ್ ಬಲ್ಬ್ ಕೋಣೆಯಲ್ಲಿಟ್ಟರೆ ಅಲ್ಲಿ ಬೇಗ ಬಿಸಿಯಾಗಿ ಆಫ್ ಆಗುತ್ತದೆ, ಗೂಡು ತಣ್ಣಗೇ ಉಳಿಯುತ್ತದೆ. ಅದನ್ನು ಗೂಡಿನ ಮೂಲೆಯಲ್ಲಿ, ನಾರಿನ ಅಡಿಗೆ ತೂರಿಸಬೇಕು. 28ಕ್ಕೆ ಆನ್, 29ಕ್ಕೆ ಆಫ್. ಮೊಟ್ಟೆ ಇರುವಾಗ ಹಾಕಬೇಡಿ, ಒಣ ಬಿಸಿಗೆ ಮರಿ ಚಿಪ್ಪಿನೊಳಗೇ ಅಂಟಿಕೊಳ್ಳುತ್ತದೆ. ಮೊಟ್ಟೆ ಒಡೆದ ಏಳನೇ ದಿನದಿಂದ, ಕತ್ತಲಾದ ಮೇಲೆ ಮಾತ್ರ. ಹದಿನೆಂಟಕ್ಕೆ ನಿಲ್ಲಿಸಿ. ವೈರ್ ಪೈಪಿನೊಳಗೇ ಹೋಗಲಿ, ಇಲಿ ಬಿಡಲ್ಲ. ಇನ್ವರ್ಟರ್ ಲೈನಿಗೇ ಕೊಡಿ.

ಗೂಡಿಗೆ ತೆಂಗಿನ ನಾರು, ಮೂರು–ನಾಲ್ಕು ಇಂಚಿಗೆ ಕತ್ತರಿಸಿದ್ದು. ಉದ್ದ ಬಿಟ್ಟರೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ಮೇವು ಮಾಮೂಲಿನದೇ: ನವಣೆ, ಸಾಮೆ, ಬರಗು, ಸುಣ್ಣದಂಶಕ್ಕೆ ಕಟ್ಲ್‌ಬೋನ್ (ಕಟ್ಲ್‌ಫಿಶ್‌ನ ಮೂಳೆ). ಮೊಳಕೆ ಕಾಳು ಮೂರು–ನಾಲ್ಕು ಗಂಟೆಯೊಳಗೆ ತೆಗೆಯದಿದ್ದರೆ ಹುಳಿ ಬಂದು ಭೇದಿ ಶುರು. ಆದರೆ ಹಾಲುದುಂಬಿದ ತೆನೆಯ ಮುಂದೆ ಇದೆಲ್ಲ ಲೆಕ್ಕಕ್ಕಿಲ್ಲ. ಕಾಡಿನಲ್ಲಿ ಗೌಲ್ಡಿಯನ್ ಹೆಚ್ಚಾಗಿ ಬದುಕುವುದು ಕಾಡುಜೋಳದ ಮೇಲೆ. ಅಕ್ಟೋಬರ್–ನವೆಂಬರ್‌ನಲ್ಲಿ ಹೊಸಕೋಟೆ ಕಡೆಯಿಂದ ಹಸಿ ರಾಗಿ ತೆನೆ ತರಿಸಿ, ತೊಳೆದು ಕಟ್ಟುತ್ತೇನೆ; ಉಳಿದದ್ದು ಫ್ರೀಜರ್‌ಗೆ. ತೆನೆ ಕಟ್ಟಿದ ಜೋಡಿಗಳಲ್ಲಿ ಮರಿಯ ಚೀಲ ಸಂಜೆಗೆ ಬಿರಿಯುವಷ್ಟು ತುಂಬಿರುತ್ತದೆ.

ಜೋಡಿ ಹಾಕುವಾಗ ತಲೆ ಬಣ್ಣ ಒಂದೇ ಇರಲಿ. ಕೆಂಪು ತಲೆಗೆ ಕಪ್ಪು ತಲೆ ಹಾಕಿ ನೋಡಿದ್ದೇನೆ, ಹೆಣ್ಣು ಮರಿ ಉಳಿದದ್ದು ಕಡಿಮೆ. ಆಸ್ಟ್ರೇಲಿಯಾದ ಸಂಶೋಧಕರು 2009ರಲ್ಲಿ ಪ್ರಕಟಿಸಿದ್ದೂ ಇದನ್ನೇ.

ಹೋದ ಸೀಸನ್‌ನಲ್ಲಿ ಆರು ಜೋಡಿಯಿಂದ ಮೂವತ್ತರ ಆಸುಪಾಸು ಮರಿ ಹೊರಬಂದವು. ಬೆಂಗಾಲೀಸ್ ಸಾಕಿದ ಗಂಡು ಬೆಳೆದ ಮೇಲೆ ಬೆಂಗಾಲೀಸ್ ಹಿಂದೆಯೇ ಹಾಡುತ್ತಾ ಸುತ್ತುವುದುಂಟು. ತಂದೆತಾಯಿಯೇ ಸಾಕಿದ ಇವಕ್ಕೆ ಆ ರೋಗವಿಲ್ಲ. ಅದು ಗೊತ್ತಿರುವವರು ಜೋಡಿಗೆ ಐನೂರು, ಸಾವಿರ ಹೆಚ್ಚೇ ಕೊಡುತ್ತಾರೆ.

ಒಂದು ಎಚ್ಚರ. ಇಪ್ಪತ್ತೆರಡು–ಇಪ್ಪತ್ಮೂರನೇ ದಿನ ಹೊರಬಿದ್ದ ಮರಿ ಮೊದಲ ರಾತ್ರಿ ಗೂಡಿಗೆ ಮರಳದೆ ನೆಲದಲ್ಲೇ ಕೂರುತ್ತದೆ. ಕತ್ತಲಾಗುವ ಮುಂಚೆ ಎತ್ತಿ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಬಾಯಿಗೆ ಐದು ನಿಮಿಷ ಬಟ್ಟೆ ಮುಚ್ಚಿ. ಮೂರು ರಾತ್ರಿ ಹೀಗೆ ಮಾಡಿದರೆ ತಾನೇ ಕಲಿಯುತ್ತದೆ.