ಪೈಪಿಗೆ ತಂತಿ ಸುತ್ತಿದರೆ ಗಡಸು ನೀರು ಮೆದುವಾಗುತ್ತದಾ?

ಗೀಸರ್ ಕೆಟ್ಟಿತ್ತು. ಪ್ಲಂಬರ್ ಒಳಗಿನ ಕಾಯಿಲ್ ಬಿಚ್ಚಿ ನನ್ನ ಕೈಗೆ ಕೊಟ್ಟ. ಅದರ ಮೇಲೆ ದಪ್ಪಗೆ ಬಿಳಿ ಕಟ್ಟು. ಉಗುರಿನಿಂದ ಕೆರೆದೆ, ಜಗ್ಗಲಿಲ್ಲ. ಚಮಚದ ಹಿಡಿಯಿಂದ ತಟ್ಟಿದ ಮೇಲೆ ಮೊಟ್ಟೆ ಸಿಪ್ಪೆಯ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು. ಹೋಲಿಕೆ ಸುಮ್ನೆ ಹೇಳಿದ್ದಲ್ಲ, ಮೊಟ್ಟೆ ಸಿಪ್ಪೆಯಲ್ಲಿರುವುದೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಆ ಗೀಸರಿಗೆ ನೀರು ಹೋಗುವ ಪೈಪಿನ ಮೇಲೆ ಒಂದೂವರೆ ವರ್ಷದಿಂದ ಎಲೆಕ್ಟ್ರಾನಿಕ್ ಸಾಫ್ಟನರ್ ಕೂತಿತ್ತು, ತಂತಿ ಸುತ್ತಿದರೆ ಗಡಸು ನೀರು ಮೆದುವಾಗುತ್ತದೆ ಎಂದು ಮಾರುವ ಉಪಕರಣ. ಅದರ ಹಸಿರು ದೀಪ ಆಗಲೂ ಉರಿಯುತ್ತಿತ್ತು.

ಅಂದಿನಿಂದ ಯಾರಾದರೂ ಈ ಉಪಕರಣ ಹಾಕಿಸಲಾ ಎಂದು ಕೇಳಿದರೆ ನಾನು ಒಂದು ಪ್ರಶ್ನೆ ತಿರುಗಿ ಕೇಳುತ್ತೇನೆ. ನಿಮಗೆ ನೀರು ಮೆದುವಾಗಬೇಕಾ, ಇಲ್ಲ ಗೀಸರಿನಲ್ಲಿ ಬಿಳಿ ಕಟ್ಟುವುದು ಕಡಿಮೆಯಾದರೆ ಸಾಕಾ? ಎರಡೂ ಒಂದೇ ಅನ್ನಿಸುತ್ತದೆ, ಆದರೆ ಅಲ್ಲ. ಹಣ ಕಳೆದುಕೊಳ್ಳುವುದು ಇಲ್ಲೇ.

ನೀರು ಗಡಸಾಗುವುದು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ. ಉಪ್ಪು ಹಾಕುವ ಮಾಮೂಲಿ ಸಾಫ್ಟನರಿನೊಳಗೆ ರೆಸಿನ್ ಎಂಬ ಸಣ್ಣ ಸಣ್ಣ ಮಣಿಗಳಿರುತ್ತವೆ. ಅವು ಸೋಡಿಯಂ ಹಿಡಿದುಕೊಂಡಿರುತ್ತವೆ. ನೀರು ಹಾದುಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಣಿಗೆ ಅಂಟುತ್ತವೆ, ಸೋಡಿಯಂ ನೀರಿಗೆ ಬರುತ್ತದೆ. ಮಣಿಗಳು ತುಂಬಿದ ಮೇಲೆ ಉಪ್ಪು ನೀರಿನಿಂದ ತೊಳೆದರೆ ಅಂಟಿದ್ದೆಲ್ಲ ಮೋರಿಗೆ ಹೋಗುತ್ತದೆ. ಅಂದರೆ ಗಡಸುತನ ನಿಜವಾಗಿಯೂ ನೀರಿನಿಂದ ಹೊರಗೆ ಹೋಯಿತು.

ಎಲೆಕ್ಟ್ರಾನಿಕ್ ಉಪಕರಣ ಹಾಗಲ್ಲ. ಪೈಪಿನ ಹೊರಗೆ ತಂತಿ ಸುತ್ತಿರುತ್ತಾರೆ. ಅದರಲ್ಲಿ ಸಣ್ಣ ವಿದ್ಯುತ್ ಸಿಗ್ನಲ್ ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುತ್ತದೆ. ನೀರನ್ನು ಯಾವುದೂ ಮುಟ್ಟುವುದಿಲ್ಲ, ನೀರಿನಿಂದ ಯಾವುದೂ ಹೊರಗೆ ಬರುವುದಿಲ್ಲ. ಲೆಕ್ಕ ಹಾಕಿ ನೋಡಿ. ಲೀಟರಿಗೆ 300 ಮಿಲಿಗ್ರಾಂ ಗಡಸುತನ ಇರುವ ನೀರನ್ನು ಒಂದು ಮನೆ ದಿನಕ್ಕೆ 500 ಲೀಟರ್ ಬಳಸಿದರೆ, ಗಡಸು ಪದಾರ್ಥವೇ 150 ಗ್ರಾಂ ಆಗುತ್ತದೆ. ತಿಂಗಳಿಗೆ ನಾಲ್ಕೂವರೆ ಕಿಲೋ. ತಂತಿ ಸುತ್ತುವ ಮೊದಲು ಎಷ್ಟು ಮನೆಯೊಳಗೆ ಬರುತ್ತಿತ್ತೋ ಸುತ್ತಿದ ಮೇಲೂ ಅಷ್ಟೇ ಬರುತ್ತದೆ.

ಹಾಗಾದರೆ ಮಾರುವವರು ಹೇಳುವುದೇನು? ಸಿಗ್ನಲ್‌ನಿಂದ ಸುಣ್ಣದ, ಅಂದರೆ ಆ ಬಿಳಿ ಕಟ್ಟಿನ, ಹರಳು ನೀರಿನಲ್ಲೇ ಪುಡಿಯಾಗಿ ಹುಟ್ಟುತ್ತದೆ, ಪೈಪಿಗೆ, ಕಾಯಿಲಿಗೆ ಅಂಟದೆ ನೀರಿನ ಜೊತೆ ಹರಿದು ಹೋಗುತ್ತದೆ ಎನ್ನುತ್ತಾರೆ. ಇದು ಪೂರ್ತಿ ಕಟ್ಟುಕಥೆ ಎಂದು ನಾನು ಹೇಳುವುದಿಲ್ಲ. ಇದೇ ದಾರಿಯ ಹಳೆಯ ಬಗೆ, ಅಯಸ್ಕಾಂತದಿಂದ ಸುಣ್ಣ ತಡೆಯುವ ಉಪಕರಣಕ್ಕೆ ಬೆಲ್ಜಿಯಂನಲ್ಲಿ 1945ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆಮೇಲೆ ಎಷ್ಟೋ ಪ್ರಯೋಗ ನಡೆದಿವೆ. ಕೆಲವದರಲ್ಲಿ ಪರಿಣಾಮ ಕಂಡಿದೆ, ಕೆಲವದರಲ್ಲಿ ಏನೂ ಕಂಡಿಲ್ಲ. ನೀರಿನ ವೇಗ, ಅದರಲ್ಲಿರುವ ಕಬ್ಬಿಣ, ಪೈಪು ಯಾವುದರದ್ದು, ಎಲ್ಲದರ ಮೇಲೂ ಫಲ ಬದಲಾಗುತ್ತದೆ. ಪಕ್ಕದ ಮನೆಯಲ್ಲಿ ಕೆಲಸ ಮಾಡಿತು ಅಂದ ಮಾತ್ರಕ್ಕೆ ನಿಮ್ಮ ಮನೆಯಲ್ಲೂ ಮಾಡಬೇಕೆಂದಿಲ್ಲ.

ನಾನು ನಂಬುವ ಪರೀಕ್ಷೆ ಒಂದಿದೆ. ಜರ್ಮನಿಯ ಗ್ಯಾಸ್ ಮತ್ತು ನೀರಿನ ಸಂಘ ಡಿವಿಜಿಡಬ್ಲ್ಯೂ ರೂಪಿಸಿದ ಡಬ್ಲ್ಯೂ 512 ಎಂಬ ವಿಧಾನ. ಎರಡು ಹೀಟರ್ ಇಟ್ಟು, ಒಂದಕ್ಕೆ ಉಪಕರಣ ಹಾದ ನೀರು, ಇನ್ನೊಂದಕ್ಕೆ ಬರೀ ನೀರು ಬಿಡುತ್ತಾರೆ. ಸುಮಾರು ಮೂರು ವಾರ 80 ಡಿಗ್ರಿಯಲ್ಲಿ ಕಾಯಿಸಿ, ಕೊನೆಗೆ ಎರಡರಲ್ಲೂ ಎಷ್ಟು ಸುಣ್ಣ ಕಟ್ಟಿದೆ ಎಂದು ಅಳೆಯುತ್ತಾರೆ. ಶೇಕಡಾ 80ರಷ್ಟಾದರೂ ಕಡಿಮೆ ಇದ್ದರೆ ಪಾಸು. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಇದೇ ವಿಧಾನ ಇಟ್ಟುಕೊಂಡು ಉಪ್ಪಿಲ್ಲದ ಉಪಕರಣಗಳನ್ನು ಪರೀಕ್ಷಿಸಿದರು. ಟಿಎಸಿ ಎಂದು ಕರೆಯುವ, ವಿಶೇಷ ಮಣಿಗಳ ಮೇಲೆ ಸುಣ್ಣದ ಸೂಕ್ಷ್ಮ ಹರಳು ಬೆಳೆಸುವ ಬಗೆ ತುಂಬಾ ಚೆನ್ನಾಗಿ ಕೆಲಸ ಮಾಡಿತು. ವಿದ್ಯುತ್ಕಾಂತದ ಉಪಕರಣ ಸುಣ್ಣವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಅರ್ಧ ಅಂದರೆ ಸೊನ್ನೆಯೂ ಅಲ್ಲ, ಪಾಸೂ ಅಲ್ಲ. ಇನ್ನೊಂದು ಮಾತು, ಟಿಎಸಿಯೂ ನೀರನ್ನು ಮೆದು ಮಾಡುವುದಿಲ್ಲ, ಕಟ್ಟುವುದನ್ನು ತಡೆಯುತ್ತದೆ ಅಷ್ಟೇ.

ಸೋಪು ನೊರೆ ಬರುತ್ತಿಲ್ಲ, ಕೂದಲು ಒರಟಾಗಿದೆ, ಬಟ್ಟೆ ಬಿರುಸಾಗಿದೆ, ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡು ಕೂತಿದೆ ಎನ್ನುವವರು ತಂತಿಯ ಉಪಕರಣಕ್ಕೆ ಹಣ ಹಾಕಲೇಬೇಡಿ. ಕ್ಯಾಲ್ಸಿಯಂ ನೀರಿನಲ್ಲೇ ಇದೆಯಲ್ಲ, ಅದು ಸೋಪನ್ನು ಹಿಡಿದು ಜಿಡ್ಡು ಮಾಡಿಯೇ ತೀರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಥರದ ಮೂರು ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮಳೆ ನೀರು ಇಲ್ಲವೇ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಒಂದಕ್ಕೆ ಉಪಕರಣದ ಮೊದಲಿನ ನೀರು, ಒಂದಕ್ಕೆ ಆಮೇಲಿನ ನೀರು. ಸೋಪಿನ ಬಾರ್ ತುರಿದು ಒಂದು ಚಿಟಿಕೆ ಹಾಕಿ ಜೋರಾಗಿ ಅಲ್ಲಾಡಿಸಿ. ಶಾಂಪೂ, ಡಿಟರ್ಜೆಂಟ್ ಬೇಡ, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ. ಮಳೆ ನೀರಿನ ಬಾಟಲಿಯಲ್ಲಿ ಕುತ್ತಿಗೆವರೆಗೆ ನೊರೆ, ಕೆಳಗೆ ನೀರು ತಿಳಿ. ನಾನು ಮಾಡಿದಾಗ ಉಳಿದೆರಡೂ ಒಂದೇ ಥರ ಇದ್ದವು. ನೊರೆ ಇಷ್ಟೇ ಇಷ್ಟು, ನೀರು ಮಜ್ಜಿಗೆ ನೀರಿನ ಹಾಗೆ ಮಬ್ಬು. ಇನ್ನೂ ಖಚಿತ ಬೇಕಾದರೆ ಹನಿ ಹಾಕಿ ನೋಡುವ ಹಾರ್ಡ್‌ನೆಸ್ ಕಿಟ್ ತನ್ನಿ. ಕೆಂಪು ಬಣ್ಣ ನೀಲಿಗೆ ತಿರುಗುವವರೆಗೆ ಹನಿ ಎಣಿಸಿದರೆ ಸಾಕು, ಹನಿ ಹೆಚ್ಚಿದಷ್ಟೂ ನೀರು ಗಡಸು.

ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿರುವುದೆಲ್ಲದರ ಒಟ್ಟು ಅಂದಾಜು ತೋರಿಸುವ ಮೀಟರ್, ಅದ್ದಿ ತೋರಿಸುವವರ ಮಾತಿಗೆ ಮರುಳಾಗಬೇಡಿ. ಅದು ಗಡಸುತನ ಅಳೆಯುವುದಿಲ್ಲ. ಒಳ್ಳೆಯ ಉಪ್ಪಿನ ಸಾಫ್ಟನರ್ ಆದಮೇಲೂ ಟಿಡಿಎಸ್ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬಂದಿರುತ್ತದಲ್ಲ.

ನಿಮಗೆ ಗೀಸರಿನದ್ದಷ್ಟೇ ಚಿಂತೆಯಾ? ಆಗಲೂ ಉಪಕರಣಕ್ಕಿಂತ ಮೊದಲು ಮಾಡುವ ಕೆಲಸ ಇದೆ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ, ಈ ಸುಣ್ಣ ಅದಕ್ಕೆ ತದ್ವಿರುದ್ಧ, ನೀರು ಕಾದಷ್ಟೂ ಬೇರೆಯಾಗಿ ಕೂರುತ್ತದೆ. ಥರ್ಮೋಸ್ಟಾಟ್ ಕೊನೆಯವರೆಗೆ ತಿರುಗಿಸಿದ್ದರೆ 60 ಡಿಗ್ರಿ ಆಸುಪಾಸಿಗೆ ಇಳಿಸಿ. ವರ್ಷಕ್ಕೊಮ್ಮೆ ಕರೆಂಟ್ ಪೂರ್ತಿ ತೆಗೆದು, ತಿಳಿದವರಿಂದ ಗೀಸರ್ ಬಿಚ್ಚಿಸಿ ಕಾಯಿಲ್ ತೊಳೆಸಿ. ಷವರ್ ತಲೆ, ನಲ್ಲಿಯ ಜಾಲರಿಯನ್ನು ವಿನಿಗರ್‌ನಲ್ಲಿ ರಾತ್ರಿ ನೆನೆಹಾಕಿದರೆ ಬೆಳಗ್ಗೆ ಹಳೆ ಬ್ರಷ್ಷಿಗೇ ಬಿಡುತ್ತದೆ. ಕೆಟಲ್‌ಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಹಾಕಿ ಕುದಿಸಿ, ಆಮೇಲೆ ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ. ಒಂದು ಎಚ್ಚರಿಕೆ ಮರೆಯಬೇಡಿ, ವಿನಿಗರ್ ಆಗಲಿ ಸಿಟ್ರಿಕ್ ಆಗಲಿ ಬ್ಲೀಚ್ ಜೊತೆ ಸೇರಬಾರದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಉಪ್ಪಿನ ಸಾಫ್ಟನರ್‌ಗೂ ಅದರದೇ ತಾಪತ್ರಯ ಇದೆ. ಉಪ್ಪು ತುಂಬುತ್ತಿರಬೇಕು, ತೊಳೆಯುವಾಗ ನೀರು ಪೋಲಾಗುತ್ತದೆ, ಆ ಉಪ್ಪು ನೀರು ಗಿಡಗಳಿಗೆ ಆಗುವುದಿಲ್ಲ. 300 ಮಿಲಿಗ್ರಾಂ ಗಡಸುತನ ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 138 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿರುವವರು ಮನೆಯಲ್ಲಿದ್ದರೆ ಅಡುಗೆಮನೆಯ ಕುಡಿಯುವ ನೀರಿನ ನಲ್ಲಿಗೆ ಸಾಫ್ಟನರ್ ಲೈನ್ ಕೊಡಬೇಡಿ, ಬೇರೆ ಪೈಪ್ ಎಳೆಸಿ.

ಇಷ್ಟಾದರೂ ತಂತಿಯದ್ದನ್ನೇ ಹಾಕಿಸಬೇಕು ಅನ್ನಿಸಿದರೆ, ಹಣ ವಾಪಸ್ ಕೊಡುತ್ತೇವೆ ಎಂದು ಬರೆದುಕೊಟ್ಟವರಿಂದಲೇ ತೆಗೆದುಕೊಳ್ಳಿ. ಕಬ್ಬಿಣದ ಪೈಪಿನ ಮೇಲೆ ಸುತ್ತಿಸಬೇಡಿ, ಕಬ್ಬಿಣ ಸಿಗ್ನಲನ್ನು ತಾನೇ ಹೀರಿಕೊಳ್ಳುತ್ತದೆ. ಹಾಕುವ ದಿನವೇ ಕಾಯಿಲ್ ತೆಗೆಸಿ, ತೊಳೆಸಿ, ಒಣಗಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತೂಕವನ್ನೂ ತಾರೀಕನ್ನೂ ಗೀಸರ್ ಪಕ್ಕ ಒಂದು ಚೀಟಿಯಲ್ಲಿ ಅಂಟಿಸಿ. ವಾಪಸ್ ಕೊಡುವ ಗಡುವು ಮುಗಿಯಲು ಹದಿನೈದು ದಿನ ಇರುವಾಗ ಮತ್ತೆ ಬಿಚ್ಚಿಸಿ ತೂಗಿ ನೋಡಿ.