ಟೊಮೇಟೊ ಸೊರಗುವ ಮೊದಲೇ ಸಸಿಯನ್ನು ಎಚ್ಚರಿಸುವುದು ಹೇಗೆ?

ಗಿಡ ಬಾಡಿದ ಕೂಡಲೇ ಔಷಧಿ ಹುಡುಕಬೇಡಿ. ಮೊದಲು ಕಾಂಡ ಕತ್ತರಿಸಿ ನೋಡಿ. ಬುಡದ ತುಂಡನ್ನು ಗಾಜಿನ ಲೋಟದ ನೀರಿಗೆ ತಾಗಿಸಿ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣುವಿನ ಕೆಲಸ, ಅದಕ್ಕೆ ದಾರಿ ಬೇರೆ. ಎಳೆ ಇಳಿಯದೆ, ಸಿಪ್ಪೆಯ ಕೆಳಗೆ ಕಂದು ಗೀರು ಉದ್ದಕ್ಕೆ ಓಡಿದ್ದು, ನಡುವಿನ ಬೆಂಡು ಬೆಳ್ಳಗೇ ಇದ್ದರೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಇರಬಹುದು. ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಎಷ್ಟೋ ಸಲ ಗಿಡದ ಒಂದೇ ಮಗ್ಗುಲು, ಒಮ್ಮೊಮ್ಮೆ ಒಂದೇ ಎಲೆಯ ಅರ್ಧ ಭಾಗ ಮಾತ್ರ. ಈ ಅರ್ಧ ಹಳದಿ ಎಲೆಯನ್ನು ನಾನು ತುಂಬ ನಂಬುತ್ತೇನೆ.

ಈ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳಲ್ಲಿ ಬೆಳೆಯುತ್ತದೆ. ನಾಳ ಕಟ್ಟಿಕೊಂಡ ಮೇಲೆ ಯಾವ ಸಿಂಪಡಣೆಯೂ ಗಿಡವನ್ನು ಎಬ್ಬಿಸಲಾರದು. ಆದ್ದರಿಂದ ನಮ್ಮ ಕೆಲಸವೆಲ್ಲ ನಾಟಿಗೆ ಮೊದಲೇ ಮುಗಿಯಬೇಕು.

ಗಿಡಕ್ಕೆ ತನ್ನದೇ ರಕ್ಷಣೆ ಇದೆ. ಅದನ್ನು ಎಚ್ಚರಿಸುವ ಹಾರ್ಮೋನುಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ ಮುಖ್ಯ. ಈ ಆಮ್ಲ ಉಳಿಯದಂತೆ ಮಾಡಿದ ಟೊಮೇಟೊ ಗಿಡಗಳಲ್ಲಿ ಫ್ಯುಸೇರಿಯಂ ಜಾಸ್ತಿ ಹಾವಳಿ ಮಾಡುತ್ತದೆ. ಇನ್ನೊಂದು ಹಾರ್ಮೋನು ಎಥಿಲೀನ್ ಎಂಬ ಅನಿಲ, ಅದರ ಕಥೆ ಉಲ್ಟಾ. ಎಥಿಲೀನನ್ನು ಗ್ರಹಿಸಲಾರದ ಗಿಡಗಳಲ್ಲಿ ರೋಗದ ಲಕ್ಷಣ ಕಡಿಮೆ. ಮೊದಲನೆಯದನ್ನು ಮುಂಚೆಯೇ ಕೊಡಬೇಕು, ಎರಡನೆಯದನ್ನು ನಾವಾಗಿ ಹೆಚ್ಚಿಸಬಾರದು. ನಾನು ಸಸಿ ಬೆಳೆಸುವುದು ಇದೇ ಲೆಕ್ಕದಲ್ಲಿ.

ಸಂಶೋಧನೆಗಳಲ್ಲಿ ಸ್ಯಾಲಿಸಿಲಿಕ್ ಆಮ್ಲವನ್ನು ಬೇರಿಗೆ ಕೊಟ್ಟು ಫಲ ಕಂಡ ಪ್ರಮಾಣ 200 ಮೈಕ್ರೋಮೋಲಾರ್, ಅಂದರೆ ಲೀಟರ್ ನೀರಿಗೆ ಸುಮಾರು 28 ಮಿಲಿಗ್ರಾಂ. ಇಷ್ಟು ಸಣ್ಣ ತೂಕ ಮನೆಯ ತಕ್ಕಡಿಯಲ್ಲಿ ಸಿಗುವುದಿಲ್ಲ. ಅದಕ್ಕೇ 2.8 ಗ್ರಾಂ ಶುದ್ಧ ಪುಡಿಯನ್ನು ಸ್ವಲ್ಪ ಈಥೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿ. ಆಮೇಲೆ ಅದೇ ಆಲ್ಕೋಹಾಲ್ ಸೇರಿಸಿ ಒಟ್ಟು 100 ಮಿಲಿ ಮಾಡಿಕೊಳ್ಳಿ. ತಣ್ಣೀರಿನಲ್ಲಿ ಪುಡಿ ಸರಿಯಾಗಿ ಕರಗದೆ ತಳದಲ್ಲಿ ಕೂರುತ್ತದೆ. ಈ ದ್ರಾವಣದ 1 ಮಿಲಿಯನ್ನು ಲೀಟರ್ ನೀರಿಗೆ ಬೆರೆಸಿದರೆ ಅಳತೆ ಸರಿಯಾಗುತ್ತದೆ. ಕೈಗವಸು ಹಾಕಿಕೊಳ್ಳಿ, ಪುಡಿ ಕಣ್ಣಿಗೆ ತಾಗದಿರಲಿ, ಹತ್ತಿರ ಬೆಂಕಿ ಬೇಡ.

ಸಸಿಗೆ ಮೂರ್ನಾಲ್ಕು ನಿಜವಾದ ಎಲೆ ಬಂದಾಗ, ನಾಟಿಗೆ ಕೆಲವು ದಿನ ಮುಂಚೆ, ಸಂಜೆ ಹೊತ್ತು ಬುಡಕ್ಕೆ ಹಾಕಿ. ಮಣ್ಣು ಮೊದಲೇ ಸ್ವಲ್ಪ ಒದ್ದೆಯಿರಲಿ. ಎಲ್ಲ ಸಸಿಗೂ ಒಮ್ಮೆಲೇ ಬೇಡ, ನಾಲ್ಕೈದಕ್ಕೆ ಹಾಕಿ ಎರಡು ದಿನ ನೋಡಿ. ಎಲೆಯಂಚು ಸುಟ್ಟಂತಾದರೆ ದ್ರಾವಣಕ್ಕೆ ಇನ್ನಷ್ಟು ನೀರು ಬೆರೆಸಿ ತೆಳುವಾಗಿಸಿ. ಜಾಸ್ತಿ ಹಾಕಿದರೆ ಜಾಸ್ತಿ ಬಲ ಬರುತ್ತದೆ ಅನ್ನುವ ಮಾತು ಇಲ್ಲಿ ನಡೆಯದು, ಬೆಳವಣಿಗೆಯೇ ಕುಂಠಿತವಾಗುತ್ತದೆ. ಇನ್ನೊಂದು ವಿಷಯ: ಈ ಆಮ್ಲ ಏರಿದಾಗ ಹುಳುಗಳ ವಿರುದ್ಧ ಕೆಲಸ ಮಾಡುವ ಜಾಸ್ಮೋನಿಕ್ ಆಮ್ಲದ ದಾರಿ ತಗ್ಗುವುದುಂಟು. ಆ ವಾರ ಎಲೆಯ ಅಡಿ ತಿರುಗಿಸಿ ನೋಡುತ್ತಿರಿ.

ಎಥಿಲೀನ್ ವಿಷಯದಲ್ಲಿ ಮಾಡಬೇಕಾದ್ದು ಸರಳ. ಮಾಗಿದ ಹಣ್ಣಿನ ಪಕ್ಕ, ಮುಚ್ಚಿದ ಕೋಣೆಯಲ್ಲಿ ಸಸಿ ಇಡಬೇಡಿ. ಬುಡದಲ್ಲಿ ನೀರು ನಿಲ್ಲಿಸಬೇಡಿ. ಬೇರು ಮುಳುಗಿದರೆ ಎಲೆಗಳಲ್ಲಿ ಎಥಿಲೀನ್ ಏರುತ್ತದೆ. ಆಗ ಎಲೆ ಗಟ್ಟಿಯಾಗಿಯೇ ಇದ್ದು ತೊಟ್ಟು ಮಾತ್ರ ಕೆಳಕ್ಕೆ ಬಾಗುತ್ತದೆ. ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಸೊರಗಿದ ಎಲೆ ಮೆತ್ತಗೆ ಜೋತಿರುತ್ತದೆ.

ಆದರೆ ಹಾರ್ಮೋನು ಒಂದನ್ನೇ ನೆಚ್ಚಬೇಡಿ. ನನ್ನ ಮಟ್ಟಿಗೆ ಬೀಜವೇ ಮೊದಲು. ಪೊಟ್ಟಣದ ಮೇಲೆ ರೋಗನಿರೋಧಕ ಗುರುತಾಗಿ ‘ಎಫ್’ ಅಕ್ಷರವಿದ್ದರೆ (ಮಿಶ್ರತಳಿಯ ‘ಎಫ್1’ ಅಲ್ಲ) ಫ್ಯುಸೇರಿಯಂ ತಡೆಯುವ ತಳಿ. ಟೊಮೇಟೊಗೆ ತಗಲುವ ಈ ಶಿಲೀಂಧ್ರದಲ್ಲಿ 3 ಬಗೆಗಳಿವೆ. ನಿಮ್ಮ ಮಣ್ಣಿನಲ್ಲಿರುವ ಬಗೆಗೆ ತಳಿ ಒಗ್ಗಬೇಕು, ಇಲ್ಲದಿದ್ದರೆ ಅಕ್ಷರವಿದ್ದೂ ಉಪಯೋಗವಿಲ್ಲ. ಇಷ್ಟದ ತಳಿಗೆ ಆ ಶಕ್ತಿ ಇಲ್ಲವೆಂದರೆ ರೋಗ ತಡೆಯುವ ಬೇರುಗಿಡದ ಮೇಲೆ ಕಸಿ ಮಾಡಿ. ಹುಳಿ ಮಣ್ಣಿಗೆ ಸುಣ್ಣ ಹಾಕಿ ಪಿಎಚ್ 6.5ರಿಂದ 7ರ ನಡುವೆ ತನ್ನಿ. ಸಾರಜನಕವನ್ನು ಅಮೋನಿಯಂಗಿಂತ ನೈಟ್ರೇಟ್ ರೂಪದಲ್ಲಿ ಕೊಡಿ. ಮಣ್ಣು 28 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇದ್ದಾಗ ರೋಗ ಬಿರುಸಾಗುತ್ತದೆ, ಹಾಗಾಗಿ ಬುಡಕ್ಕೆ ಹುಲ್ಲು ಹೊದಿಸಿ.

ಇಷ್ಟಾದರೂ ಒಂದು ಗಿಡ ಸೊರಗಿದರೆ ಬೇರುಸಮೇತ ಕಿತ್ತು ಹೊರಗೆ ಸಾಗಿಸಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ಶಿಲೀಂಧ್ರದ ಗಟ್ಟಿ ಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಕತ್ತರಿ, ಗುದ್ದಲಿ, ಚಪ್ಪಲಿಗೆ ಅಂಟಿದ ಮಣ್ಣನ್ನು ತೊಳೆದ ಮೇಲೆಯೇ ಪಕ್ಕದ ಸಾಲಿಗೆ ಕಾಲಿಡಿ.